ಗೋಡೆಯ ಸ್ವಿಚ್ಚೂ ಇರಲಿ, ಫೋನಿನ ಗುಂಡಿಯೂ ಇರಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಬೆಂಕಿಪೊಟ್ಟಣದಷ್ಟಿರುವ ಒಂದು ವೈಫೈ ಬೋರ್ಡಿನೊಳಗೆ ಪುಟ್ಟ ವೆಬ್ ಸರ್ವರ್ ಇಟ್ಟು, ಫೋನಿನ ಬ್ರೌಸರಿನಿಂದಲೇ ಮನೆಯ ದೀಪ ಹಚ್ಚುವುದು, ಆರಿಸುವುದು ಹೇಗೆ ಅಂತ ಬರೆದಿದ್ದೆ. ಇಎಸ್‌ಪಿ8266 ಬೋರ್ಡು, ಬೋರ್ಡಿನ ಮಾತು ಕೇಳಿ ದೀಪದ ಕರೆಂಟನ್ನು ಕೂಡಿಸುವ, ಬಿಡಿಸುವ ಸ್ವಿಚ್ಚಾದ ಒಂದು ರಿಲೇ, ನಾಲ್ಕು ವೈರು, ಅಷ್ಟೇ. ಬಂದ ಪತ್ರಗಳು ನೋಡಿದರೆ ದೀಪದ ಬಗ್ಗೆ ಕೇಳಿದವರು ಕಡಿಮೆ, ನೀರಿನ ಮೋಟಾರಿನ ಬಗ್ಗೆ ಕೇಳಿದವರೇ ಜಾಸ್ತಿ. ನಮ್ಮ ಊರುಗಳಲ್ಲಿ ಮನೆಯ ನಿಜವಾದ ತಲೆನೋವು ಯಾವುದು ಅಂತ ಅದರಿಂದಲೇ ಗೊತ್ತಾಗುತ್ತದೆ. ಹಾಗಾಗಿ ಈ ಸಲ ಮೋಟಾರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಬೋರ್ಡಿನ ಕಡೆ ಇರುವುದು 5 ವೋಲ್ಟು, ಅಲ್ಲಿ ಎಷ್ಟು ತಪ್ಪು ಮಾಡಿದರೂ ಬೋರ್ಡು ಸುಡಬಹುದು, ಅಷ್ಟೇ. ರಿಲೇಯ ಆಚೆ ಕಡೆ ಇರುವುದು 230 ವೋಲ್ಟು. ಅಲ್ಲಿ ತಪ್ಪು ಮಾಡುವ ಹಾಗಿಲ್ಲ. ಆ ಭಾಗವನ್ನು ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಸರ್ವರ್ ಅಂದರೆ ಎಸಿ ರೂಮಿನಲ್ಲಿ ಸಾಲಾಗಿ ನಿಂತಿರುವ ದೊಡ್ಡ ಕಪ್ಪು ಪೆಟ್ಟಿಗೆಗಳು ಅಲ್ವಾ? ₹300ರ ಬೋರ್ಡು ಅದು ಹೇಗೆ ಸರ್ವರ್ ಆಗುತ್ತದೆ? ಅದರ ಬದಲು ರಾಸ್ಪ್‌ಬೆರಿ ಪೈ ತೊಗೊಂಡರೆ ಒಳ್ಳೆಯದಾ?
— ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸರ್ವರ್ ಅನ್ನುವುದು ಪೆಟ್ಟಿಗೆಯ ಹೆಸರಲ್ಲ, ಕೆಲಸದ ಹೆಸರು. ಹೋಟೆಲಿನಲ್ಲಿ ಮಾಣಿ ಮಾಡುವ ಕೆಲಸವೇ ಇದು, ಕೇಳಿದವರಿಗೆ ಕೇಳಿದ್ದನ್ನು ತಂದು ಕೊಡುವುದು. ನಿಮ್ಮ ಫೋನಿನ ಬ್ರೌಸರ್ ಬೋರ್ಡಿನ ವಿಳಾಸಕ್ಕೆ ಹೋಗಿ, ‘ಈ ಪುಟ ಕೊಡು’ ಅಂತ ನಾಲ್ಕಾರು ಸಾಲು ಸಾದಾ ಅಕ್ಷರ ಕಳಿಸುತ್ತದೆ. ಬೋರ್ಡು 80ನೇ ಪೋರ್ಟಿನಲ್ಲಿ, ಅಂದರೆ ವೆಬ್ ಪುಟ ಕೇಳಿ ಬರುವವರ ಬಾಗಿಲಲ್ಲಿ, ಕಿವಿಗೊಟ್ಟು ಕೂತಿರುತ್ತದೆ. ಸಾಲು ಓದುತ್ತದೆ, ಬೇಕಾದ ಪಿನ್ನಿಗೆ ವೋಲ್ಟೇಜ್ ಕೊಡುತ್ತದೆ, ರಿಲೇ ‘ಟಕ್’ ಅನ್ನುತ್ತದೆ, ಆಮೇಲೆ ಒಂದು ಸಣ್ಣ ಪುಟವನ್ನು ವಾಪಸು ಕಳಿಸುತ್ತದೆ. ಇಡೀ ವ್ಯವಹಾರ ಒಂದೆರಡು ಕಿಲೋಬೈಟಿನೊಳಗೆ ಮುಗಿಯುತ್ತದೆ.

ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ಪು ಹವ್ಯಾಸಿಗಳ ಕೈಗೆ ಬಂದಿದ್ದು 2014ರಲ್ಲಿ. ಅದರ ವೇಗ 80 ಮೆಗಾಹರ್ಟ್ಸ್. ನಮ್ಮ ಪ್ರೋಗ್ರಾಮಿಗೆ ಸಿಗುವ ರ್‍ಯಾಮ್ ಸುಮಾರು 80 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ, ನಿಜ. ಆದರೆ ಇದನ್ನೂ ನೋಡಿ. 1990ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರ್ ನಡೆಸಿದ ನೆಕ್ಸ್ಟ್ ಕಂಪ್ಯೂಟರಿನ ವೇಗ 25 ಮೆಗಾಹರ್ಟ್ಸ್. ಮೆಮೊರಿ ಅದರಲ್ಲಿ ಎಷ್ಟೋ ಪಟ್ಟು ಜಾಸ್ತಿ ಇತ್ತು, ಆದರೆ ಗಡಿಯಾರದ ಓಟದಲ್ಲಿ ನಿಮ್ಮ ಮೇಜಿನ ಮೇಲಿರುವ ಈ ಹಸಿರು ಚೂರೇ ಮುಂದೆ. ನನಗೆ ಪ್ರತಿ ಸಲ ಇದನ್ನು ನೆನೆದಾಗ ಖುಷಿಯಾಗುತ್ತದೆ.

ರಾಸ್ಪ್‌ಬೆರಿ ಪೈ ಅಂಗೈಯಗಲದ ಪೂರ್ತಿ ಕಂಪ್ಯೂಟರು, ಒಳ್ಳೆಯ ಯಂತ್ರವೇ. ಅದರಲ್ಲಿ ಲೈಟ್‌ಟಿಪಿಡಿ ಹಾಕಬಹುದು. ಯಾನ್ ಕ್ನೆಷ್ಕೆ 2003ರಲ್ಲಿ ಬರೆದ ಹಗುರ ವೆಬ್ ಸರ್ವರ್ ಅದು, ಸಣ್ಣ ಯಂತ್ರಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಹತ್ತು ಸಾಧನಗಳ ಲೆಕ್ಕ ಇಡಬೇಕು, ಗ್ರಾಫ್ ಬೇಕು ಅಂದರೆ ಪೈ ಸರಿ. ಆದರೆ ಒಂದು ಸ್ವಿಚ್ಚಿನ ಕೆಲಸಕ್ಕೆ ಅದು ಬೇಡ. ಪೈ ಒಳಗೆ ಪೂರ್ತಿ ಲಿನಕ್ಸ್ ಇರುತ್ತದೆ, ಎಸ್‌ಡಿ ಕಾರ್ಡಿನ ಮೇಲೆ ಸದಾ ಏನಾದರೂ ಬರೆಯುತ್ತಿರುತ್ತದೆ, ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡಬಹುದು. ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲವಲ್ಲ. ಇಎಸ್‌ಪಿ ಬೋರ್ಡಿಗೆ ಆ ಕಾಟ ಇಲ್ಲ. ಕರೆಂಟು ಬಂದ ಕೆಲವೇ ಕ್ಷಣದಲ್ಲಿ ಎದ್ದು ಕೂರುತ್ತದೆ.

ಪ್ರಶ್ನೆ: ಪುಟದಲ್ಲಿ ಇಂಗ್ಲಿಷ್ ಬರೆದರೆ ಸರಿಯಾಗಿ ಬರುತ್ತದೆ. ‘ಮೋಟಾರ್’ ಅಂತ ಕನ್ನಡದಲ್ಲಿ ಬರೆದರೆ ಏನೇನೋ ಚಿಹ್ನೆಗಳು ಕಾಣುತ್ತವೆ. ಕೆಲವೊಮ್ಮೆ ಪುಟದ ಕೊನೆಯ ಭಾಗವೇ ಮಾಯ.
— ಪ್ರೌಢಶಾಲೆ ಶಿಕ್ಷಕರು, ಧಾರವಾಡ

ಉತ್ತರ: ನೀವು ಕನ್ನಡದಲ್ಲಿ ಬರೆಯಲು ಹೊರಟಿದ್ದೇ ನನಗೆ ತುಂಬಾ ಹಿಡಿಸಿತು. ಮನೆಯ ಗುಂಡಿಗಳು ಮನೆಯವರು ಓದುವ ಭಾಷೆಯಲ್ಲಿ ಇರಬೇಕು. ಇಷ್ಟು ದಿನ ಅಂಗಡಿಯಲ್ಲಿ ಕೊಂಡ ಯಾವ ಯಂತ್ರದ ಮೇಲೂ ನಮ್ಮ ಮನೆಯಲ್ಲಿ ಕನ್ನಡ ಕಂಡಿರಲಿಲ್ಲ. ನಾನೇ ಕಟ್ಟಿದ ಪುಟದಲ್ಲಿ ‘ಮೇಲಿನ ಟ್ಯಾಂಕ್ ತುಂಬಿಸು’ ಅಂತ ದೊಡ್ಡಕ್ಷರದಲ್ಲಿ ಬಂದಾಗ ಅಮ್ಮ ಕನ್ನಡಕ ಇಲ್ಲದೆಯೇ ಓದಿ ಒತ್ತಿದರು. ಆ ದಿನ ನನಗೆ ಇನ್ನೂ ನೆನಪಿದೆ.

ನಿಮ್ಮ ತೊಂದರೆ ಎರಡೂ ಒಂದೇ ಬೇರಿನವು. ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಮೋಟಾರ್’ ನೋಡಿ. ಮ, ಓತ್ವ, ಟ, ದೀರ್ಘ, ರ, ವಿರಾಮ, ಹೀಗೆ 6 ಚಿಹ್ನೆ. ಒಟ್ಟು 18 ಬೈಟ್. ಬೋರ್ಡು ಪುಟ ಕಳಿಸುವಾಗ ‘ಇದು ಯುಟಿಎಫ್-8’ ಅಂತ ತಲೆಬರಹದಲ್ಲಿ ಹೇಳದಿದ್ದರೆ ಬ್ರೌಸರ್ ಬೈಟನ್ನೇ ಅಕ್ಷರ ಅಂದುಕೊಂಡು ಏನೇನೋ ತೋರಿಸುತ್ತದೆ. ಉತ್ತರದ ಕಂಟೆಂಟ್ ಟೈಪ್ ಸಾಲಿನಲ್ಲೂ ಪುಟದ ಮೆಟಾ ಸಾಲಿನಲ್ಲೂ ಕ್ಯಾರೆಕ್ಟರ್ ಸೆಟ್ ಹೇಳಿಬಿಡಿ. ಪುಟದ ಕೊನೆ ಕತ್ತರಿಸಿ ಹೋಗುವುದಕ್ಕೆ ಕಾರಣ ನೀವು ಪುಟದ ಉದ್ದವನ್ನು ಕೈಯಲ್ಲಿ ಎಣಿಸಿ ಬರೆದಿರುತ್ತೀರಿ, ಅಕ್ಷರ ಎಣಿಸಿರುತ್ತೀರಿ. ಎಣಿಸಬೇಕಾದ್ದು ಬೈಟು. ಆ ಲೆಕ್ಕವನ್ನು ಲೈಬ್ರರಿಗೇ ಬಿಡಿ.

ಇನ್ನೊಂದು, ಚಂದ ಕಾಣಲಿ ಅಂತ ಇಂಟರ್ನೆಟ್ಟಿನಿಂದ ಫಾಂಟು, ಡಿಸೈನ್ ಫೈಲು ಎಳೆಯುವ ಸಾಲು ಹಾಕಬೇಡಿ. ಫೈಬರ್ ಕಟ್ ಆದ ದಿನ ಪುಟ ತೆರೆಯದೆ ಕೂತುಬಿಡುತ್ತದೆ. ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ನಿಮ್ಮ ಪುಟಕ್ಕೆ ಬೇಕಾದ್ದೆಲ್ಲ ಬೋರ್ಡಿನೊಳಗೇ ಇರಲಿ.

ಪ್ರಶ್ನೆ: ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ 1 ಎಚ್‌ಪಿ ಮೋಟಾರಿಗೆ ನಿಮ್ಮ ಹಾಗೇ ಮಾಡಿದೆ. ವಾರಕ್ಕೆ ಒಂದೆರಡು ಸಲ ಯಾರೂ ಒತ್ತದೆಯೇ ಮೋಟಾರ್ ಚಾಲೂ ಆಗುತ್ತದೆ. ಮನೆಯವರು ಹೆದರಿದ್ದಾರೆ.
— ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ನಿಮ್ಮ ಮನೆಯವರಿಗೆ ಹೇಳಿ, ದೆವ್ವ ಅಲ್ಲ, ಬ್ರೌಸರ್. ನನ್ನ ಮನೆಯಲ್ಲೂ ಇದೇ ಆಗಿದೆ. ಒಂದು ರಾತ್ರಿ ಫೋನ್ ಅಪ್‌ಡೇಟ್ ಆಗಿ ತಾನೇ ಆಫ್ ಆಗಿ ಆನ್ ಆಯಿತು. ಬೆಳಗ್ಗೆ ಐದಕ್ಕೆ ಎದ್ದು ಹವಾಮಾನ ನೋಡೋಣ ಅಂತ ಬ್ರೌಸರ್ ತೆರೆದೆ. ಹಿಂದಿನ ದಿನ ತೆರೆದಿಟ್ಟಿದ್ದ ಟ್ಯಾಬ್ ಮತ್ತೆ ಲೋಡ್ ಆಯಿತು. ಆ ಟ್ಯಾಬಿನ ವಿಳಾಸದ ಕೊನೆಗೆ ‘ಸ್ಲ್ಯಾಶ್ ಆನ್’ ಅಂತ ಇತ್ತು. ಅಷ್ಟೇ, ಮೋಟಾರ್ ಓಡಿತು. ನಾನು ಮತ್ತೆ ಮಲಗಿದೆ. ಏಳು ಗಂಟೆಗೆ ಪಕ್ಕದ ಮನೆಯವರು ಬಾಗಿಲು ಬಡಿದಾಗ ನೀರು ಬೀದಿ ತುಂಬಾ ಹರಿಯುತ್ತಿತ್ತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟು ತುಂಬಿಸಿದ ಸಂಪು ಅದು. ತುಂಬಾ ನೋವಾಯಿತು.

ತಪ್ಪು ಎಲ್ಲಿದೆ ಅಂದರೆ, ಆನ್ ಮಾಡುವ ಕೆಲಸವನ್ನು ನಾವು ಸಾದಾ ಲಿಂಕಿಗೆ ಕೊಟ್ಟಿದ್ದೇವೆ. ಲಿಂಕ್ ತೆರೆಯುವುದಕ್ಕೆ ಬ್ರೌಸರ್ ‘ಗೆಟ್’ ಅನ್ನುವ ವಿಧಾನ ಬಳಸುತ್ತದೆ. ಗೆಟ್ ಅಂದರೆ ಸುಮ್ನೆ ನೋಡುವುದು. ಅದರಿಂದ ಏನೂ ಬದಲಾಗಬಾರದು ಅಂತ ಬ್ರೌಸರು, ಸರ್ವರು ಮಾತಾಡಿಕೊಳ್ಳುವ ಭಾಷೆಯ, ಅಂದರೆ 1999ರ ಎಚ್‌ಟಿಟಿಪಿ 1.1 ನಿಯಮದಲ್ಲೇ ಬರೆದಿದೆ. ಬ್ರೌಸರ್ ಆ ಮಾತನ್ನು ನಂಬಿಕೊಂಡು, ಬೇಕೆಂದಾಗ ಪುಟವನ್ನು ಮತ್ತೆ ತರಿಸುತ್ತದೆ. ವಿಳಾಸ ಅರ್ಧ ಟೈಪ್ ಮಾಡುವಷ್ಟರಲ್ಲೇ ಮುಂಚೆಯೇ ತರಿಸಿಟ್ಟುಕೊಳ್ಳುವ ಬ್ರೌಸರುಗಳೂ ಇವೆ. ಏನನ್ನಾದರೂ ಬದಲಿಸಬೇಕಾದರೆ ‘ಪೋಸ್ಟ್’ ಬಳಸಬೇಕು. ಹಾಗಾಗಿ ಗುಂಡಿಯನ್ನು ಲಿಂಕ್ ಮಾಡಬೇಡಿ, ಪೋಸ್ಟ್ ವಿಧಾನದ ಫಾರ್ಮ್ ಮಾಡಿ. ಬೋರ್ಡು ಕೆಲಸ ಮುಗಿಸಿದ ಕೂಡಲೇ 303 ಅನ್ನುವ ಉತ್ತರ ಕೊಟ್ಟು ಬ್ರೌಸರನ್ನು ಮೊದಲ ಪುಟಕ್ಕೆ ಕಳಿಸಿಬಿಡಲಿ. ಆಗ ವಿಳಾಸದ ಪಟ್ಟಿಯಲ್ಲಿ ‘ಆನ್’ ಉಳಿಯುವುದೇ ಇಲ್ಲ. ಎಷ್ಟು ಸಲ ರಿಫ್ರೆಶ್ ಮಾಡಿದರೂ ಪುಟ ಮಾತ್ರ ಬರುತ್ತದೆ, ಮೋಟಾರ್ ಸುಮ್ಮನಿರುತ್ತದೆ.

ಒಂದೇ ಗುಂಡಿಯಲ್ಲಿ ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಅಂತ ಇಟ್ಟಿದ್ದರೆ ಅದನ್ನೂ ತೆಗೆಯಿರಿ. ನೆಟ್‌ವರ್ಕ್ ನಿಧಾನ ಇದೆ ಅಂತ ಎರಡು ಸಲ ಒತ್ತಿದರೆ ಹೊರಟಲ್ಲಿಗೇ ವಾಪಸು. ಚಾಲೂಗೆ ಒಂದು ಗುಂಡಿ, ನಿಲ್ಲಿಸಲು ಇನ್ನೊಂದು.

ಇಷ್ಟೆಲ್ಲ ಮಾಡಿದ ಮೇಲೂ ಬೋರ್ಡನ್ನು ಪೂರ್ತಿ ನಂಬಬೇಡಿ. ನಿಮ್ಮ ಟ್ಯಾಂಕ್ ತುಂಬಲು 20 ನಿಮಿಷ ಬೇಕಾದರೆ, 25 ನಿಮಿಷಕ್ಕೆ ಮೋಟಾರ್ ತಾನೇ ನಿಲ್ಲಬೇಕು ಅಂತ ಬೋರ್ಡಿನೊಳಗೇ ಬರೆಯಿರಿ. ಫೋನಿನಲ್ಲಿ ಅಲ್ಲ, ಬೋರ್ಡಿನೊಳಗೆ. ಕಾಯುವುದಕ್ಕೆ ಪ್ರೋಗ್ರಾಮಿನಲ್ಲಿ ‘ಡಿಲೇ’ ಅನ್ನುವ ಆದೇಶ ಬಳಸಿದರೆ ಆ 25 ನಿಮಿಷ ಸರ್ವರ್ ಯಾರ ಮಾತೂ ಕೇಳುವುದಿಲ್ಲ, ನಿಲ್ಲಿಸು ಅಂದರೂ ಕೇಳುವುದಿಲ್ಲ. ಬೋರ್ಡು ಎದ್ದು ಎಷ್ಟು ಮಿಲಿಸೆಕೆಂಡು ಆಯಿತು ಅಂತ ಹೇಳುವ ‘ಮಿಲಿಸ್’ ಲೆಕ್ಕದಲ್ಲಿ ಮಾಡಿ. ಅದು ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಆದರೆ ಈಗಿನ ಹೊತ್ತಿನಿಂದ ಶುರುವಾದ ಹೊತ್ತನ್ನು ಕಳೆದು ನೋಡಿದರೆ ಲೆಕ್ಕ ತಪ್ಪುವುದಿಲ್ಲ. ಜೊತೆಗೆ ಟ್ಯಾಂಕಿನಲ್ಲಿ ಒಂದು ಸಾದಾ ಫ್ಲೋಟ್ ಸ್ವಿಚ್ ಹಾಕಿಸಿ. ಅದರ ವೈರು ಬೋರ್ಡಿಗೆ ಬರುವುದು ಬೇಡ, ನೇರವಾಗಿ ಮೋಟಾರಿನ ಕಾಂಟ್ಯಾಕ್ಟರ್ ಕಾಯಿಲಿನ ದಾರಿಯಲ್ಲೇ ಇರಲಿ. ಪ್ರೋಗ್ರಾಂ ಕೈಕೊಟ್ಟರೂ ಫ್ಲೋಟ್ ಏಳುತ್ತದೆ, ಮೋಟಾರ್ ನಿಲ್ಲುತ್ತದೆ.

ಕಾಂಟ್ಯಾಕ್ಟರ್ ಅಂದೆ, ಅಂದರೆ ಮೋಟಾರಿನ ಭಾರಿ ಕರೆಂಟಿಗೆಂದೇ ಮಾಡಿದ ದೊಡ್ಡ ರಿಲೇ. ಹೌದು, ಅದು ಬೇಕೇ ಬೇಕು. ನೀಲಿ ಬಣ್ಣದ ಪುಟ್ಟ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್ ತಾನೇ, ಸಾಕಲ್ಲ ಅಂತ ಅನಿಸುತ್ತದೆ. ಆದರೆ ಮೋಟಾರ್ ಏಳುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಕಿಡಿಗೆ ರಿಲೇಯ ಚುಕ್ಕಿಗಳು ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಪುಟದಲ್ಲಿ ‘ನಿಂತಿದೆ’ ಅಂತ ತೋರಿಸುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಎತ್ತಲಿ, ಮೋಟಾರಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಕಾಯಿಲ್ ಬಿಡುವಾಗ ಬರುವ ಝಟಕಿಗೆ ಬೋರ್ಡು ರೀಸೆಟ್ ಆಗುತ್ತಿದ್ದರೆ ಕಾಯಿಲಿಗೆ ಅಡ್ಡಲಾಗಿ ಆ ಝಟಕನ್ನು ನುಂಗುವ ಒಂದು ಆರ್‌ಸಿ ಸ್ನಬ್ಬರ್ ಹಾಕಿಸಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮನೆಯಿಂದ ಪಂಪ್‌ಹೌಸ್ ಅರ್ಧ ಕಿಲೋಮೀಟರ್ ದೂರ, ಮಧ್ಯೆ ಹಳ್ಳ. 5 ಎಚ್‌ಪಿ, ತ್ರೀ ಫೇಸ್. ರಾತ್ರಿ ಕರೆಂಟು ಬಂದಾಗ ಟಾರ್ಚ್ ಹಿಡಿದು ಹೋಗಬೇಕು, ಹಾವಿನ ಭಯ. ಇದೇ ವೆಬ್ ಸರ್ವರ್ ವಿಧಾನ ಅಲ್ಲಿ ನಡೆಯುತ್ತದಾ?
— ಕೃಷಿಕರು, ತೀರ್ಥಹಳ್ಳಿ ಹತ್ತಿರ

ಉತ್ತರ: ನಡೆಯುತ್ತದೆ, ಆದರೆ ಮನೆಯ ದೀಪದಷ್ಟು ಸಲೀಸಲ್ಲ. ನಿಮ್ಮ ಪತ್ರ ಓದಿ ಎರಡು ದಿನ ಇದರ ಬಗ್ಗೆಯೇ ಯೋಚಿಸಿದೆ.

ಮೊದಲು ಸ್ಟಾರ್ಟರ್ ವಿಷಯ. ನಿಮ್ಮ ಪಂಪ್‌ಹೌಸಿನ ಡಿಒಎಲ್ ಸ್ಟಾರ್ಟರಿನಲ್ಲಿ (ಮೋಟಾರನ್ನು ನೇರವಾಗಿ ಲೈನಿಗೆ ಕೂಡಿಸುವಂಥದ್ದು) ಹಸಿರು ಗುಂಡಿ ಒತ್ತಿದರೆ ಕಾಯಿಲಿಗೆ ಕರೆಂಟು ಹೋಗುತ್ತದೆ, ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ, ಕೈ ಬಿಟ್ಟ ಮೇಲೂ ತನ್ನದೇ ಪಕ್ಕದ ಕಾಂಟ್ಯಾಕ್ಟಿನಿಂದ ತಾನು ಹಿಡಿದುಕೊಂಡಿರುತ್ತದೆ. ಕೆಂಪು ಗುಂಡಿ ಒತ್ತಿದರೆ ಆ ದಾರಿ ತುಂಡಾಗಿ ಬಿಡುತ್ತದೆ. ಕರೆಂಟು ಹೋದರೂ ಬಿಡುತ್ತದೆ, ವಾಪಸು ಬಂದಾಗ ತಾನಾಗಿ ಏಳುವುದಿಲ್ಲ. ಇದು ಬಹಳ ಒಳ್ಳೆಯ ವ್ಯವಸ್ಥೆ, ಇದನ್ನು ಕೆಡಿಸಬೇಡಿ. ಬೋರ್ಡಿನಿಂದ ಎರಡು ರಿಲೇ ಬಳಸಿ. ಒಂದರ ಕಾಂಟ್ಯಾಕ್ಟು ಹಸಿರು ಗುಂಡಿಗೆ ಪಕ್ಕಪಕ್ಕ (ಪ್ಯಾರಲಲ್), ಒಂದು ಸೆಕೆಂಡು ಕೂಡಿ ಬಿಡಲಿ. ಇನ್ನೊಂದರ ಸದಾ ಕೂಡಿರುವ ಕಾಂಟ್ಯಾಕ್ಟು ಕೆಂಪು ಗುಂಡಿಯ ಸಾಲಿನಲ್ಲಿ (ಸೀರೀಸ್), ಒಂದು ಸೆಕೆಂಡು ಬಿಟ್ಟು ಮತ್ತೆ ಕೂಡಲಿ. ಅಂದರೆ ನಿಮ್ಮ ಬೆರಳು ಮಾಡುವ ಕೆಲಸವನ್ನೇ ರಿಲೇ ಮಾಡುತ್ತದೆ. ಬೋರ್ಡು ಸತ್ತರೂ ಸ್ಟಾರ್ಟರ್ ಮೊದಲಿನ ಹಾಗೇ ಕೈಯಲ್ಲಿ ನಡೆಯುತ್ತದೆ.

ಇಲ್ಲೊಂದು ಅಪಾಯ ಇದೆ, ಗಮನವಿಟ್ಟು ಓದಿ. ಎಷ್ಟೋ ತ್ರೀ ಫೇಸ್ ಸ್ಟಾರ್ಟರುಗಳ ಕಾಯಿಲು ಎರಡು ಫೇಸುಗಳ ನಡುವೆ ಇರುತ್ತದೆ, ಅಂದರೆ 415 ವೋಲ್ಟು. ನೀಲಿ ರಿಲೇಯ ಮಿತಿ 250 ವೋಲ್ಟು. ಅದನ್ನು ನೇರವಾಗಿ ಅಲ್ಲಿ ಕೂರಿಸಬಾರದು. ಕಾಯಿಲಿನ ಮೇಲೆ ಏನು ಬರೆದಿದೆ ಅಂತ ಮೊದಲು ನೋಡಿ. 415 ಇದ್ದರೆ ನಡುವೆ ಆ ವೋಲ್ಟೇಜಿಗೆ ಹೊಂದುವ ಸಣ್ಣ ಕಾಂಟ್ಯಾಕ್ಟರ್ ಬೇಕು, ಇಲ್ಲವೇ ನ್ಯೂಟ್ರಲ್ ಸರಿಯಾಗಿದ್ದರೆ 230ರ ಕಾಯಿಲಿಗೆ ಬದಲಿಸಬೇಕು. ಸ್ಟಾರ್ಟರ್ ರಿಪೇರಿ ಮಾಡುವವರಿಗೆ ಇದು ಗೊತ್ತಿರುತ್ತದೆ, ಅವರನ್ನು ಕರೆಸಿ.

ಎರಡನೆಯದು ಫೇಸ್. ಹಳ್ಳಿಯಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ, ಉಳಿದ ಹೊತ್ತು ಸಿಂಗಲ್ ಫೇಸ್. ಬೋರ್ಡಿಗೆ ಸಿಂಗಲ್ ಫೇಸ್ ಸಾಕು, ಅದು ಎದ್ದು ‘ನಾನು ತಯಾರು’ ಅನ್ನುತ್ತದೆ. ಆಗ ನೀವು ಮನೆಯಿಂದ ಗುಂಡಿ ಒತ್ತಿದರೆ, ಮೂರೂ ಫೇಸ್ ಇಲ್ಲದ ಮೋಟಾರ್ ಗುಂಯ್ ಅನ್ನುತ್ತಾ ನಿಂತು ವೈಂಡಿಂಗ್ ಸುಟ್ಟುಕೊಳ್ಳಬಹುದು. ರಿವೈಂಡಿಂಗ್ ಖರ್ಚು ನಿಮಗೇ ಗೊತ್ತು. ಫೇಸ್ ತಪ್ಪಿದಾಗ ಮೋಟಾರ್ ಓಡದಂತೆ ತಡೆಯುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ವೆಬ್ ಸರ್ವರ್ ಆಮೇಲೆ. ತ್ರೀ ಫೇಸ್ ಬಂದ ಕೂಡಲೇ ಏಳುವ ಹಾಗೆ ಮಾಡುವುದಾದರೂ ಎರಡು ಮೂರು ನಿಮಿಷ ತಡ ಇಡಿ. ಒಂದೇ ಲೈನಿನ ಪಂಪುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ನಿಮ್ಮ ಮೋಟಾರ್ ಓಡುವಾಗ 7 ಆಂಪಿಯರ್ ಆಸುಪಾಸು ಎಳೆದರೆ ಏಳುವಾಗ 40 ದಾಟಬಹುದು. ಊರಿನದ್ದೆಲ್ಲ ಸೇರಿದರೆ ಟ್ರಾನ್ಸ್‌ಫಾರ್ಮರ್ ಪಾಡೇನು ಹೇಳಿ.

ಮೂರನೆಯದು, ಗುಂಡಿ ಒತ್ತಿದ್ದಕ್ಕೂ ಮೋಟಾರ್ ಓಡಿದ್ದಕ್ಕೂ ವ್ಯತ್ಯಾಸ ಇದೆ. ಅರ್ಧ ಕಿಲೋಮೀಟರ್ ದೂರದಲ್ಲಿ ಸದ್ದು ಕೇಳುವುದಿಲ್ಲ. ಒಂದು ಫೇಸಿನ ವೈರಿಗೆ ಕ್ಲಾಂಪ್ ಮಾದರಿಯ ಕರೆಂಟ್ ಸೆನ್ಸರ್ ಸಿಕ್ಕಿಸಿ, ವೈರು ಕತ್ತರಿಸುವುದೇನೂ ಬೇಡ. ಪುಟದಲ್ಲಿ ‘ಓಡುತ್ತಿದೆ’ ಅಂತ ಬರುವುದು ಆ ಸೆನ್ಸರ್ ಹೇಳಿದ ಮೇಲೆಯೇ ಆಗಿರಲಿ. ನೀರು ಮುಗಿದು ಪಂಪು ಒಣಗಿ ಓಡುವಾಗ ಕರೆಂಟು ಎಂದಿಗಿಂತ ಕಡಿಮೆಯಾಗುತ್ತದೆ. ಅದನ್ನು ನೋಡಿ ಬೋರ್ಡು ತಾನೇ ನಿಲ್ಲಿಸಬಹುದು.

ಇನ್ನು ದೂರ. ಮನೆಯ ರೌಟರಿನ ವೈಫೈ ಅಡಿಕೆ ಮರಗಳ ನಡುವೆ, ಅದೂ ಮಳೆಗಾಲದಲ್ಲಿ, ಅರ್ಧ ಕಿಲೋಮೀಟರ್ ಹೋಗುವುದಿಲ್ಲ. ಕಡಿಮೆ ಶಕ್ತಿಯಲ್ಲೇ ಸಣ್ಣ ಸಂದೇಶವನ್ನು ದೂರ ಮುಟ್ಟಿಸುವ ಲೋರಾ ರೇಡಿಯೋ ಹೋಗುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಮಿತವಾದ ಶಕ್ತಿಯಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. 433ರ ಮಾಡ್ಯೂಲ್ ಅಗ್ಗಕ್ಕೆ ಸಿಗುತ್ತದೆ ಅಂತ ಕೊಳ್ಳಬೇಡಿ, 865ರದ್ದೇ ಕೇಳಿ. ಮನೆಯಲ್ಲಿ ಒಂದು ಇಎಸ್‌ಪಿ32, (ಅದೇ ಕಂಪನಿಯ ಇನ್ನೂ ಬಲವಾದ ಚಿಪ್ಪು), ಅದರಲ್ಲಿ ವೆಬ್ ಪುಟ ಮತ್ತು ಲೋರಾ. ಪಂಪ್‌ಹೌಸಿನಲ್ಲಿ ಇನ್ನೊಂದು, ಅದರಲ್ಲಿ ಲೋರಾ ಮತ್ತು ರಿಲೇ. ಅಲ್ಲಿ ಇಂಟರ್ನೆಟ್ ಬೇಡವೇ ಬೇಡ.

ಕೊನೆಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನಿಮಗೆ ಇದೆಲ್ಲ ಕಲಿಯಲು ಬಿಡುವಿಲ್ಲದಿದ್ದರೆ, ಪಂಪ್‌ಹೌಸಿನಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ, ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಕೊಂಡುಬಿಡಿ. ಫೋನ್ ಮಾಡಿದರೆ ಚಾಲೂ ಆಗುತ್ತದೆ, ಫೇಸ್ ನೋಡುವುದು, ಒಣ ಓಟ ನೋಡುವುದು ಹೆಚ್ಚಿನವುಗಳಲ್ಲಿ ಒಳಗೇ ಇರುತ್ತದೆ. ನೀವು ರಾತ್ರಿ ಹಳ್ಳ ದಾಟುವುದು ತಪ್ಪಬೇಕು, ಅದು ಮುಖ್ಯ. ಯಾವುದೇ ಹಾಕಿದರೂ ಸಿಡಿಲಿನ ಕಾಲದಲ್ಲಿ ಹುಷಾರು. ಮಲೆನಾಡಿನ ಏಪ್ರಿಲ್-ಮೇ ಗುಡುಗು ಮಳೆಗೆ ಬೋರ್ಡುಗಳು ಉಳಿಯುವುದು ಕಷ್ಟ. ಸರ್ಜ್ ಪ್ರೊಟೆಕ್ಟರ್, ಒಳ್ಳೆಯ ಅರ್ಥಿಂಗ್ ಎರಡೂ ಇರಲಿ, ಮೋಡ ಕಟ್ಟಿದಾಗ ಬೋರ್ಡಿನ ಪ್ಲಗ್ ಕಿತ್ತಿಡಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಅಪ್ಪ ಅಮ್ಮ ಮೈಸೂರಿನಲ್ಲಿ. ಇಬ್ಬರಿಗೂ 75 ದಾಟಿದೆ, ಗೀಸರ್ ಆಫ್ ಮಾಡಲು ಮರೆಯುತ್ತಾರೆ. ಇಲ್ಲಿಂದಲೇ ಆಫ್ ಮಾಡುವ ಹಾಗೆ ರೌಟರಿನಲ್ಲಿ ಪೋರ್ಟ್ ತೆರೆಯಲು ನೋಡಿದೆ, ಆಗುತ್ತಿಲ್ಲ.
— ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಆಗದೇ ಇದ್ದದ್ದೇ ಒಳ್ಳೆಯದಾಯಿತು. ಮೈಸೂರಿನ ಮನೆಗೆ ಕಂಪನಿ ಕೊಟ್ಟಿರುವ ವಿಳಾಸವನ್ನು ಬಹುಶಃ ನೂರಾರು ಮನೆಗಳು ಹಂಚಿಕೊಂಡಿವೆ, ಸಿಜಿನ್ಯಾಟ್ ಅಂತಾರಲ್ಲ, ಅದು. ಹೊರಗಿನಿಂದ ಬಂದ ಕರೆ ನಿಮ್ಮ ರೌಟರ್ ತನಕ ಬರುವುದೇ ಇಲ್ಲ. ಬಂದರೂ ಹಾಗೆ ತೆರೆಯಬೇಡಿ. ಈ ಪುಟ್ಟ ಸರ್ವರಿನ ಮಾತುಕತೆ ಸಾದಾ ಎಚ್‌ಟಿಟಿಪಿಯಲ್ಲಿ, ಅಂದರೆ ಅಂಚೆ ಕಾರ್ಡಿನ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಪಾಸ್‌ವರ್ಡ್ ಇಟ್ಟರೂ ಅದೂ ಅದೇ ಕಾರ್ಡಿನ ಮೇಲೆ ಹೋಗುತ್ತದೆ. ಇಎಸ್‌ಪಿ8266ರಲ್ಲಿ ಎಚ್‌ಟಿಟಿಪಿಎಸ್ ಮಾಡಬಹುದು, ಅಂದರೆ ಲಕೋಟೆಯಲ್ಲಿ ಮುಚ್ಚಿ ಕಳಿಸಿದ ಹಾಗೆ, ಆದರೆ ಇರುವ ಮೆಮೊರಿಯಲ್ಲಿ ಅದು ತುಂಬಾ ಇಕ್ಕಟ್ಟು. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಜಗತ್ತಿನಲ್ಲಿ ಬಾಗಿಲು ತೆರೆದಿದ್ದ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿತು. ಅದರ ಹತ್ತಿರ ಇದ್ದದ್ದು ಕಂಪನಿಗಳೇ ಇಟ್ಟಿದ್ದ 60ರ ಆಸುಪಾಸು ಹಳೆಯ ಹೆಸರು-ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ಆ ವರ್ಷ ಅಕ್ಟೋಬರ್ 21ಕ್ಕೆ ವಶವಾದ ಆ ಸಾಧನಗಳ ಸೇನೆಯೇ, ತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಬಿದ್ದು ಅಮೆರಿಕದಲ್ಲಿ ದೊಡ್ಡ ದೊಡ್ಡ ತಾಣಗಳನ್ನು ನಿಲ್ಲಿಸಿತು.

ಮೈಸೂರಿನ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಇಟ್ಟು ಅದರಲ್ಲಿ ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಮೇಲೆ ಕಟ್ಟಿದ ಖಾಸಗಿ ಜಾಲ ಅದು, ಸಿಜಿನ್ಯಾಟ್ ಇದ್ದರೂ ದಾರಿ ಮಾಡಿಕೊಳ್ಳುತ್ತದೆ. ಮೇಲೆ ಎಸ್‌ಡಿ ಕಾರ್ಡಿನ ಬಗ್ಗೆ ಹೇಳಿದ್ದೆನಲ್ಲ, ಹಾಗಾಗಿ ಪೈ ಮತ್ತು ರೌಟರ್ ಎರಡೂ ಯುಪಿಎಸ್ ಮೇಲಿರಲಿ.

ಆದರೆ ನಿಜವಾಗಿ ನಿಮಗೆ ಬೇಕಿರುವುದು ಇದಲ್ಲ ಅಂತ ನನಗನಿಸುತ್ತದೆ. ಲೆಕ್ಕ ಹಾಕಿ. 25 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು 2000 ವ್ಯಾಟಿನ ಗೀಸರಿಗೆ ಸುಮಾರು 26 ನಿಮಿಷ ಸಾಕು. ಹಾಗಾದರೆ ಚಾಲೂ ಆದ 30 ನಿಮಿಷಕ್ಕೆ ತಾನೇ ಆಫ್ ಆಗುವ ಹಾಗೆ ಬೋರ್ಡಿಗೆ ಹೇಳಿಬಿಟ್ಟರೆ ನೀವು ಅಲ್ಲಿಂದ ನೋಡುತ್ತಾ ಕೂರಬೇಕಿಲ್ಲ. ಕೋಡ್ ಬರೆಯುವ ಬಿಡುವಿಲ್ಲದಿದ್ದರೆ ಟಾಸ್ಮೊಟಾ ಹಾಕಿ. ಥಿಯೋ ಅರೆಂಡ್ಸ್ 2016ರಲ್ಲಿ ಶುರು ಮಾಡಿದ ಮುಕ್ತ ತಂತ್ರಾಂಶ, ಒಳಗೇ ವೆಬ್ ಸರ್ವರ್ ಇದೆ. ಅದರಲ್ಲಿ ಪಲ್ಸ್‌ಟೈಮ್ ಅನ್ನುವ ಜಾಗದಲ್ಲಿ 1900 ಅಂತ ಕೊಟ್ಟರೆ 1800 ಸೆಕೆಂಡಿಗೆ, ಅಂದರೆ ಅರ್ಧ ಗಂಟೆಗೆ ಆಫ್. ಬೇಕಾದ ಸೆಕೆಂಡಿಗೆ 100 ಕೂಡಿಸಬೇಕು, ಅದೇ ಅದರ ಲೆಕ್ಕ. 2000 ವ್ಯಾಟ್ ಅಂದರೆ 8.7 ಆಂಪಿಯರ್, 10ರ ರಿಲೇಗೆ ತೀರಾ ಹತ್ತಿರ, ಇಲ್ಲೂ 25 ಆಂಪಿಯರಿನ ಕಾಂಟ್ಯಾಕ್ಟರ್ ಇರಲಿ. ದೂರದಿಂದ ಆಫ್ ಮಾಡುವ ಗುಂಡಿ ಮಾತ್ರ ಕೊಡಿ, ಆನ್ ಬೇಡ. ನಿಮ್ಮ ಸಂಜೆ ಅಂದರೆ ಅವರ ಬೆಳಗಿನ ಜಾವ. ಅಲ್ಲಿ ನೀರು ಇದೆಯೋ, ಯಾರಾದರೂ ಬಚ್ಚಲಲ್ಲಿ ಇದ್ದಾರೋ ನಿಮಗೆ ಕಾಣುವುದಿಲ್ಲ.

ಪ್ರಶ್ನೆ: ಮೆಟ್ಟಿಲಿನ ದೀಪಕ್ಕೆ ಮಗ ಬೋರ್ಡು ಹಾಕಿದ್ದಾನೆ. ಈಗ ಗೋಡೆಯ ಸ್ವಿಚ್ ಒತ್ತಿದರೆ ಏನೂ ಆಗುವುದಿಲ್ಲ, ದೀಪ ಹಚ್ಚಲು ನಾನು ಫೋನ್ ಹುಡುಕಬೇಕು.
— ಗೃಹಿಣಿ, ಹಾಸನ

ಉತ್ತರ: ನಿಮ್ಮ ಸಿಟ್ಟು ಪೂರ್ತಿ ಸರಿ. ಕತ್ತಲಲ್ಲಿ ಕೈ ಚಾಚಿದರೆ ದೀಪ ಹತ್ತಬೇಕು. ಮಗನಿಗೆ ಈ ಭಾಗ ತೋರಿಸಿ. ಗೋಡೆಯಲ್ಲಿ ಸಾದಾ ಸ್ವಿಚ್ ಬದಲು ಟೂ-ವೇ ಸ್ವಿಚ್ ಹಾಕಿ. ರಿಲೇಯಲ್ಲಿ 230 ವೋಲ್ಟಿನ ಕಡೆ ಮೂರು ಕಾಲು ಇವೆ, ಅದೂ ಒಂದು ಟೂ-ವೇ ಸ್ವಿಚ್ಚೇ. ಮೆಟ್ಟಿಲಿನ ಕೆಳಗೊಂದು ಮೇಲೊಂದು ಸ್ವಿಚ್ ಇರುತ್ತದಲ್ಲ, ಅದೇ ವೈರಿಂಗ್. ಗೋಡೆಯಿಂದಲೂ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ. ಬೋರ್ಡು ಕೆಟ್ಟರೆ ಗೋಡೆಯದ್ದು ಸಾದಾ ಸ್ವಿಚ್ಚಿನ ಹಾಗೆ ಕೆಲಸ ಮಾಡುತ್ತದೆ. ಆದರೆ ಹೀಗೆ ಮಾಡಿದ ಮೇಲೆ ದೀಪ ಉರಿಯುತ್ತಿದೆಯೋ ಇಲ್ಲವೋ ಅಂತ ರಿಲೇ ನೋಡಿ ಹೇಳಲಾಗದು. ಪುಟದಲ್ಲಿ ಸರಿಯಾಗಿ ತೋರಿಸಬೇಕಾದರೆ ದೀಪದ ಕಡೆಯಿಂದ ಆಪ್ಟೋಕಪ್ಲರ್ (230ರ ವೈರು ತಾಗದ ಹಾಗೆ ಬೆಳಕಿನಿಂದ ಸುದ್ದಿ ದಾಟಿಸುವ ಬಿಡಿಭಾಗ) ಇರುವ ಒಂದು ಸಣ್ಣ ಸರ್ಕ್ಯೂಟ್ ಬೋರ್ಡಿಗೆ ಸುದ್ದಿ ತರಬೇಕು. ಮಗ ಅಷ್ಟು ಮಾಡಿದವನು ಇದನ್ನೂ ಮಾಡುತ್ತಾನೆ.

ಪ್ರಶ್ನೆ: ಮನೆಯ ವೈಫೈ ಬೋರ್ಡಿಗೆ ಕಾಣುವುದೇ ಇಲ್ಲ. ಕಂಡ ದಿನ ವಿಳಾಸ ಬದಲಾಗಿರುತ್ತದೆ.
— ಓದುಗರು, ಉಡುಪಿ

ಉತ್ತರ: ಇಎಸ್‌ಪಿ8266ಕ್ಕೆ 5 ಗಿಗಾಹರ್ಟ್ಸ್ ಬರುವುದಿಲ್ಲ, 2.4 ಮಾತ್ರ. ರೌಟರಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ. ವಿಳಾಸ ಬದಲಾಗದಿರಲು ರೌಟರಿನ ಡಿಎಚ್‌ಸಿಪಿ ಪುಟದಲ್ಲಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ ಜಾಗ) ಬೋರ್ಡಿನ ಮ್ಯಾಕ್ ನಂಬರಿಗೆ, ಅಂದರೆ ಅದರದ್ದೇ ಗುರುತಿನ ಸಂಖ್ಯೆಗೆ, ಒಂದು ವಿಳಾಸ ಕಾದಿರಿಸಿ. ಫೋನಿನ ಹೋಮ್ ಸ್ಕ್ರೀನಿಗೆ ಆ ಪುಟ ಸೇರಿಸಿಬಿಡಿ.

ಪ್ರಶ್ನೆ: ಕರೆಂಟು ಹೋಗಿ ಬಂದಾಗಲೆಲ್ಲ ರಿಲೇ ಒಂದು ಸಲ ‘ಟಕ್’ ಅಂದು ದೀಪ ಮಿನುಗುತ್ತದೆ.
— ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ನೀವು ಡಿ3, ಡಿ4 ಅಥವಾ ಡಿ8 ಪಿನ್ ಬಳಸಿರಬೇಕು. ಬೋರ್ಡು ಏಳುವಾಗ ಹೇಗೆ ಏಳಬೇಕು ಅಂತ ನೋಡಿಕೊಳ್ಳುವ ಪಿನ್ನುಗಳು ಅವು. ಡಿ1 ಅಥವಾ ಡಿ2ಕ್ಕೆ ಬದಲಿಸಿ. ಸಿಗುವ ರಿಲೇ ಬೋರ್ಡುಗಳಲ್ಲಿ ಹೆಚ್ಚಿನವು ಪಿನ್ನಿಗೆ ಲೋ, ಅಂದರೆ ಸೊನ್ನೆ ವೋಲ್ಟು ಕೊಟ್ಟಾಗ ಆನ್ ಆಗುತ್ತವೆ. ಹಾಗಾಗಿ ಪಿನ್ನನ್ನು ಔಟ್‌ಪುಟ್ ಮಾಡುವ ಸಾಲಿಗಿಂತ ಮೊದಲೇ ಹೈ ಬರೆಯುವ ಸಾಲು ಇರಲಿ, ಪಿನ್ನಿನಿಂದ 3.3 ವೋಲ್ಟಿಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ನಿಮ್ಮ ಪತ್ರದ ಜೊತೆಗಿದ್ದ ಚಿತ್ರದಲ್ಲಿ 230ರ ವೈರು ಬೋರ್ಡಿನ ಮೇಲೆಯೇ ಹಾದುಹೋಗಿದೆ. ದಯವಿಟ್ಟು ಅದನ್ನು ಇವತ್ತೇ ಬೇರೆ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ನಡುವೆ ಗೋಡೆ ಇಟ್ಟು ಎರಡನ್ನೂ ಎರಡು ಕಡೆ ಕೂರಿಸಿ. ಹೊಸ ಚಿತ್ರ ಕಳಿಸಿದರೆ ನೋಡಿ ಹೇಳುತ್ತೇನೆ.